ಯಾವ ಭಾಷೆಯಿಂದ, ಯಾವ ಭಾಷೆಗೆ?

ನಮ್ಮ ಸಂಘದ ಸದಸ್ಯತ್ವದ ಅರ್ಜಿಯಲ್ಲಿ 'ಬಲ್ಲ ಭಾಷೆಗಳು' ಎಂಬುದೊಂದು ಅಂಕಣವಿದೆ. ಹೊಸದಾಗಿ ಸೇರುವವರಲ್ಲಿ ಹೆಚ್ಚಿನವರು ಅಲ್ಲಿ ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ಎಂದು ನಡುನಡುವೆ ಅಲ್ಪವಿರಾಮಗಳನ್ನಿಟ್ಟು ಬರೆದು ಮುಂದಿನ ಅಂಕಣಕ್ಕೆ ಹೋಗಿಬಿಡುತ್ತಾರೆ. ಈ ನಾಲ್ಕರಲ್ಲಿ ಯಾವುದನ್ನು ಓದಬಲ್ಲರು, ಯಾವುದರಲ್ಲಿ ಒಂದು ಪುಟ ತಪ್ಪಿಲ್ಲದೆ ಬರೆಯಬಲ್ಲರು, ಯಾವುದು ಬರಿಯ ತರಕಾರಿ ಮಾರುಕಟ್ಟೆಗೆ ಸಾಕಾಗುವಷ್ಟು ಬರುತ್ತದೆ ಎಂಬುದನ್ನು ಅರ್ಜಿ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಹೊರನಾಡ ಕನ್ನಡಿಗರಾದ ನಮ್ಮ ಬಳಿ ಇರುವ ಅತಿ ದೊಡ್ಡ ಸಂಪತ್ತು ಈ ಅಲ್ಪವಿರಾಮಗಳ ನಡುವೆ ಅಡಗಿಕೊಂಡಿದೆ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಈ ಸಲದ ಸಂಪಾದಕೀಯವನ್ನು ಇದಕ್ಕೆ ಮೀಸಲಿಡಲು ಕಾರಣವಿದೆ. ಸಂಘದ ಕಚೇರಿಗೆ ಒಂದೇ ಬಗೆಯ ಕೋರಿಕೆ ಮತ್ತೆ ಮತ್ತೆ ಬರುತ್ತದೆ. ಒಬ್ಬ ವಕೀಲರಿಗೆ ವಿಜಯಪುರ ಜಿಲ್ಲೆಯ ಜಮೀನಿನ ಕಾಗದ ಮರಾಠಿಯಲ್ಲಿ ಬೇಕು. ಒಂದು ಆಸ್ಪತ್ರೆಗೆ ರೋಗಿಯ ಒಪ್ಪಿಗೆ ಪತ್ರ ಕನ್ನಡದಲ್ಲಿ ಬೇಕು. ಜಾಹೀರಾತಿನವರಿಗೆ ಎರಡೇ ಎರಡು ಸಾಲು, ಅದೂ ಸಂಜೆಯೊಳಗೆ. 'ಕನ್ನಡ ಬಲ್ಲವರು ಯಾರಾದರೂ ಇದ್ದಾರೆಯೇ?' ಎಂಬುದೇ ಎಲ್ಲರ ಪ್ರಶ್ನೆ. ಯಾವ ಭಾಷೆಯಿಂದ, ಯಾವ ಭಾಷೆಗೆ, ಯಾವ ವಿಷಯ, ಯಾರು ಓದುವುದಕ್ಕಾಗಿ ಎಂದು ನಾವು ತಿರುಗಿ ಕೇಳಿದರೆ, ಇದೇನು ಇಷ್ಟು ತಕರಾರು ಎಂಬಂತೆ ಆ ಕಡೆಯ ಧ್ವನಿ ಮೌನವಾಗುತ್ತದೆ. ಹಲ್ಲು ನೋವಿಗೆ ಕಣ್ಣಿನ ವೈದ್ಯರನ್ನು ಹುಡುಕಿಕೊಂಡು ಹೋಗುವವರು ಯಾರೂ ಇಲ್ಲ. ಆದರೆ ಭಾಷೆಯ ವಿಷಯಕ್ಕೆ ಬಂದರೆ, ಕನ್ನಡ ಮಾತನಾಡಬಲ್ಲ ಯಾರಾದರೂ ಯಾವುದನ್ನಾದರೂ ಅನುವಾದಿಸಬಲ್ಲರೆಂಬ ನಂಬಿಕೆ ವಿದ್ಯಾವಂತರಲ್ಲೂ ಬೇರೂರಿದೆ.

ಜಮೀನಿನ ಕಾಗದದ ಮಾತನ್ನೇ ತೆಗೆದುಕೊಳ್ಳಿ. ಮಹಾರಾಷ್ಟ್ರದಲ್ಲಿ 'ಸಾತ್‌ಬಾರಾ' ಎಂದರೆ ಗ್ರಾಮ ನಮೂನೆ 7 ಮತ್ತು 12 ಕೂಡಿದ ಉತಾರೆ. ನಮ್ಮ ಕಡೆ ಆ ಕೆಲಸ ಮಾಡುವುದು ಪಹಣಿ. ಎರಡನ್ನೂ ಕೈಯಲ್ಲಿ ಹಿಡಿದು ನೋಡಿದವನಿಗೆ ಇದು ಕ್ಷಣದ ಮಾತು. ನೋಡದವನು ಸಾತ್‌ಬಾರಾವನ್ನು 'ಏಳು-ಹನ್ನೆರಡು' ಎಂದು ಬರೆದಿಟ್ಟು ನ್ಯಾಯಾಲಯದ ಮುಂದೆ ಕಕ್ಷಿದಾರನನ್ನು ನಗೆಪಾಟಲಿಗೀಡು ಮಾಡುತ್ತಾನೆ. 'ಫೇರಫಾರ' ಎಂದರೆ ಬರಿಯ ಬದಲಾವಣೆಯಲ್ಲ, ಹಕ್ಕು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಹೋದ ದಾಖಲೆ ಎಂಬುದು ಶಬ್ದಕೋಶ ತೆರೆದವನಿಗಿಂತ ತಲಾಠಿಯ ಕಚೇರಿಯ ಮುಂದೆ ಸರದಿಯಲ್ಲಿ ನಿಂತವನಿಗೆ ಚೆನ್ನಾಗಿ ಗೊತ್ತು. ಬೆಳಗಾವಿ, ವಿಜಯಪುರದ ಕಡೆಯವರು ಇಂದಿಗೂ 'ಉತಾರ' ಎಂದೇ ಅನ್ನುತ್ತಾರೆ, ಮೈಸೂರಿನವರಿಗೆ ಆ ಮಾತು ಹೊಸದು. ಹೀಗಾಗಿ ಮರಾಠಿಯಿಂದ ಕನ್ನಡಕ್ಕೆ ಎಂದು ಹೇಳಿದರೂ ಸಾಲದು, ಯಾವ ಕನ್ನಡಕ್ಕೆ ಎಂದು ಇನ್ನೊಂದು ಪ್ರಶ್ನೆ ಉಳಿಯುತ್ತದೆ.

ಆಸ್ಪತ್ರೆಯ ಕಾಗದದಲ್ಲಿ ಈ ಪ್ರಶ್ನೆ ಇನ್ನೂ ಹರಿತವಾಗುತ್ತದೆ. ಹೊಸ ಔಷಧದ ಪ್ರಯೋಗಕ್ಕೆ ಒಳಗಾಗುವ ವ್ಯಕ್ತಿಗೆ ಅವನಿಗೆ ತಿಳಿಯುವ ಭಾಷೆಯಲ್ಲಿ ಎಲ್ಲವನ್ನೂ ವಿವರಿಸಿ ಒಪ್ಪಿಗೆ ಪಡೆಯಬೇಕೆಂದು ನಿಯಮವಿದೆ. 2019ರಲ್ಲಿ ಬಂದ ಹೊಸ ಔಷಧಗಳ ಹಾಗೂ ಚಿಕಿತ್ಸಾ ಪ್ರಯೋಗಗಳ ನಿಯಮಾವಳಿಯೂ ಅದನ್ನೇ ಹೇಳುತ್ತದೆ. ಆದ್ದರಿಂದ ಇಂಥ ಪತ್ರಗಳು ಕನ್ನಡಕ್ಕೆ ಅನುವಾದವಾಗುತ್ತವೆ. ಅನೇಕ ವೇಳೆ ಇನ್ನೊಬ್ಬ ಅನುವಾದಕ ಆ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ಮೂಲದೊಡನೆ ಹೋಲಿಸಿ ನೋಡುವ ಪದ್ಧತಿಯೂ ಉಂಟು. ವಿಚಿತ್ರವೆಂದರೆ, ಈ ಪರೀಕ್ಷೆಯಲ್ಲಿ ಸುಲಭವಾಗಿ ತೇರ್ಗಡೆಯಾಗುವುದು ಯಾರಿಗೂ ಅರ್ಥವಾಗದ ಕನ್ನಡವೇ. 'ಯಾದೃಚ್ಛಿಕ ಹಂಚಿಕೆ' ಎಂದು ಬರೆದರೆ ಅದು ತಿರುಗಿ ಇಂಗ್ಲಿಷಿಗೆ ಅಚ್ಚುಕಟ್ಟಾಗಿ ಬಂದು ಕೂಡುತ್ತದೆ. ಆದರೆ ಕಲಬುರಗಿಯಿಂದ ಇಲ್ಲಿಗೆ ಕಟ್ಟಡದ ಕೆಲಸಕ್ಕೆ ಬಂದ ಕೂಲಿಕಾರನಿಗೆ ಅದು ಮಂತ್ರ. 'ನಿಮಗೆ ಯಾವ ಔಷಧ ಎಂಬುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸುತ್ತೇವೆ, ಕೆಲವರಿಗೆ ಕೊಡುವ ಗುಳಿಗೆಯಲ್ಲಿ ಔಷಧವೇ ಇರುವುದಿಲ್ಲ' ಎಂದರೆ ಅವನು ತಲೆಯೆತ್ತಿ ನೋಡುತ್ತಾನೆ, ಪ್ರಶ್ನೆ ಕೇಳುತ್ತಾನೆ, ಬೇಡವೆಂದರೂ ಅನ್ನಬಹುದು. ಅವನು ಬೇಡವೆನ್ನುವ ಸ್ವಾತಂತ್ರ್ಯ ಆ ಒಂದು ವಾಕ್ಯದ ಮೇಲೆ ನಿಂತಿದೆ. ಮಾತ್ರೆಯೆಂದು ಬರೆಯಬೇಕೋ, ಗುಳಿಗೆಯೆಂದು ಬರೆಯಬೇಕೋ ಎಂಬುದೂ ಇಲ್ಲಿ ಪಂಡಿತರ ಚರ್ಚೆಯ ವಿಷಯವಲ್ಲ. ಉತ್ತರ ಕರ್ನಾಟಕದವನಿಗೆ ಗುಳಿಗೆ, ಹಳೆಯ ಮೈಸೂರಿನವನಿಗೆ ಮಾತ್ರೆ.

ನೆರೆಭಾಷೆಗಳ ನಡುವೆ ಕೆಲಸ ಮಾಡುವುದು ಸುಲಭ, ಎಲ್ಲ ಸಂಸ್ಕೃತದ ಶಬ್ದಗಳೇ ಅಲ್ಲವೇ ಎಂದು ಕೆಲವರು ಅನ್ನುತ್ತಾರೆ. ಗುಂಡಿಯಿರುವುದು ಅಲ್ಲಿಯೇ. 'ಶಿಕ್ಷೆ' ಕನ್ನಡ, ಮರಾಠಿಗಳೆರಡರಲ್ಲೂ ದಂಡನೆ, ಹಿಂದಿಯ 'ಶಿಕ್ಷಾ' ವಿದ್ಯಾಭ್ಯಾಸ. ನಮ್ಮ 'ಉದ್ಯೋಗ' ನೌಕರಿ, ಹಿಂದಿಯವರಿಗೆ ಅದು ಕೈಗಾರಿಕೆ. ನಮಗೆ 'ಅವಸರ'ವೆಂದರೆ ಆತುರ, ಹಿಂದಿಯಲ್ಲಿ ಸದವಕಾಶ, ತೆಲುಗಿನಲ್ಲಿ ಅಗತ್ಯ. 'ಉಪನ್ಯಾಸ' ನಮ್ಮಲ್ಲಿ ಭಾಷಣ, ದೆಹಲಿಯಲ್ಲಿ ಕಾದಂಬರಿ. 'ಸಂಸಾರ' ಮಲಯಾಳಕ್ಕೆ ಹೋದರೆ ಬರಿಯ ಮಾತುಕತೆ. ಇಷ್ಟೇಕೆ, 'ಅನುವಾದ'ವೆಂಬ ಶಬ್ದವೇ ಮಲಯಾಳದಲ್ಲಿ ಅನುಮತಿ ಎಂದಾಗುತ್ತದೆ. ಊರಿನಿಂದ ಬಂದ ಹಿರಿಯರಿಗೆ ಮುಂಬಯಿಯ 'ಮಂತ್ರಾಲಯ' ತೋರಿಸಿದಾಗ ರಾಯರ ಬೃಂದಾವನ ಎಲ್ಲಿ ಎಂದು ಕೇಳಿದರೆಂಬ ಹಳೆಯ ನಗೆಮಾತು ನಮ್ಮವರೆಲ್ಲರಿಗೂ ಗೊತ್ತು.

ಇವೆಲ್ಲ ಕಣ್ಣಿಗೆ ಬೀಳುವ ಗುಂಡಿಗಳು. ಕಣ್ಣಿಗೆ ಬೀಳದ ಒಂದು ಉಂಟು, ಅದು ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಇಂದಿನ ಶಿಷ್ಟ ಕನ್ನಡದಲ್ಲಿ 'ನಾವು' ಎಂಬುದು ಒಂದೇ. ಮರಾಠಿಯಲ್ಲಿ ಎದುರಿಗಿರುವವರನ್ನು ಸೇರಿಸಿಕೊಂಡರೆ 'ಆಪಣ', ಬಿಟ್ಟರೆ 'ಆಮ್ಹೀ'. ತೆಲುಗಿನಲ್ಲಿ 'ಮನಂ', 'ಮೇಮು'. ತಮಿಳಿನಲ್ಲಿ 'ನಾಮ್', 'ನಾಂಗಳ್'. ತುಳು ಮನೆಮಾತಾದ ನಮ್ಮ ಬಂಧುಗಳಿಗೂ 'ನಮ', 'ಎಂಕುಳು' ಬೇರೆ ಬೇರೆ. ಕನ್ನಡದ ಭಾಷಣವೊಂದನ್ನು ಮರಾಠಿಗೆ ತರುವವನು ಪ್ರತಿಯೊಂದು 'ನಾವು' ಬಂದಾಗಲೂ ಕೇಳುಗನನ್ನು ಒಳಗೆ ಕರೆಯಬೇಕೋ ಹೊರಗೆ ನಿಲ್ಲಿಸಬೇಕೋ ಎಂದು ತೀರ್ಮಾನಿಸಲೇಬೇಕು. ಇಂಗ್ಲಿಷಿನ ಮೂಲಕ ಹೋದವನಿಗೆ ಈ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ಅಲ್ಲಿಯೂ ಅದು ಒಂದೇ. 'ನೀನು', 'ನೀವು', 'ತಾವು' ಎಂಬ ಮೂರು ಮೆಟ್ಟಿಲು ಮರಾಠಿಯಲ್ಲೂ ಇವೆ, ಇಂಗ್ಲಿಷಿನ ದಾರಿಯಲ್ಲಿ ಅವೂ ನೆಲಸಮವಾಗುತ್ತವೆ. 2022ರ ಡಿಸೆಂಬರಿನಲ್ಲಿ ಗಡಿಯ ವಿಷಯ ಮತ್ತೆ ಬಿಸಿಯೇರಿ ಎರಡೂ ಕಡೆಯ ವಾಹನಗಳ ಮೇಲೆ ಮಸಿ, ಕಲ್ಲು ಬಿದ್ದ ದಿನಗಳಲ್ಲಿ ನಾನು ಎರಡೂ ಭಾಷೆಗಳ ಪತ್ರಿಕೆಗಳನ್ನು ಓದುತ್ತಿದ್ದೆ. ಆ ಕಡೆಯ ನಾಯಕರು ಆಡಿದ ಮಾತು ಈ ಕಡೆಗೆ ತಲುಪುವಷ್ಟರಲ್ಲಿ ಅದರ ದನಿ, ಅದರ ಗೌರವವಾಚಕ, ಅದರ 'ನಾವು' ಎಲ್ಲ ಕಳೆದುಹೋಗಿ ಬರಿಯ ಬೆದರಿಕೆ ಮಾತ್ರ ಉಳಿದಿರುತ್ತಿತ್ತು. ನೇರವಾಗಿ ಅನುವಾದಿಸಿದ್ದರೆ ಗಡಿ ತಂಟೆ ತೀರುತ್ತಿತ್ತೆಂದು ನಾನು ಹೇಳುತ್ತಿಲ್ಲ. ಪುಣೆಯಲ್ಲಿ, ಸೊಲ್ಲಾಪುರದಲ್ಲಿ ಅಂಗಡಿ ಇಟ್ಟುಕೊಂಡವರ ಒಂದು ವಾರದ ನಿದ್ದೆಯಾದರೂ ಉಳಿಯುತ್ತಿತ್ತೋ ಏನೋ.

ನೇರ ಅನುವಾದ ನಮಗೆ ಹೊಸದಲ್ಲ. ಬಿ. ವೆಂಕಟಾಚಾರ್ಯರು ಬಂಗಾಳಿಯನ್ನು ಕಲಿತು ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದರು. ಗಳಗನಾಥರು ಹರಿ ನಾರಾಯಣ ಆಪಟೆಯವರನ್ನು ಮರಾಠಿಯಿಂದ ತಂದು ಕಾದಂಬರಿ ಓದುವ ರುಚಿಯನ್ನೇ ಉತ್ತರ ಕರ್ನಾಟಕಕ್ಕೆ ಹತ್ತಿಸಿದರು. ಆಧುನಿಕ ಕನ್ನಡ ಕಾದಂಬರಿ ತನ್ನ ಮೊದಲ ಹೆಜ್ಜೆಗಳನ್ನು ಇಟ್ಟದ್ದು ಹೀಗೆ, ನೆರೆಯವರ ಕೈ ಹಿಡಿದು. ನಮ್ಮ ಕಾಲದಲ್ಲಿ ಚಂದ್ರಕಾಂತ ಪೋಕಳೆಯವರಂಥವರು ಮರಾಠಿಯಿಂದ ನೇರವಾಗಿ ಕೆಲಸ ಮಾಡಿದರು. ಎಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಗಳು ಕನ್ನಡ ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬರುತ್ತಿದ್ದಾಗ ಮುಂದಿನ ಕಂತಿಗಾಗಿ ಕಾದವರು ನಮ್ಮಲ್ಲೇ ಅನೇಕರಿದ್ದಾರೆ. ಅನುವಾದಕರ ಹೆಸರು ಅವರಲ್ಲಿ ಎಷ್ಟು ಜನಕ್ಕೆ ನೆನಪಿದೆ?

ಇಲ್ಲಿ ಗಮನಿಸಬೇಕಾದದ್ದು ಒಂದುಂಟು. ಕನ್ನಡದಿಂದ ಹೊರಗೆ ನಡೆದಿರುವ ಒಳ್ಳೆಯ ಕೆಲಸವನ್ನು ಯಾರು ಮಾಡಿದ್ದಾರೆಂದು ನೋಡಿದರೆ, ಬಹಳಷ್ಟು ಸಲ ಅವರು ಊರು ಬದಲಿಸಿದವರು. ಪಾವಣ್ಣನ್ ತಮಿಳರು. ದೂರಸಂಪರ್ಕ ಇಲಾಖೆಯ ನೌಕರಿಯ ನಿಮಿತ್ತ ಕರ್ನಾಟಕಕ್ಕೆ ಬಂದು ಕನ್ನಡ ಕಲಿತು ಭೈರಪ್ಪನವರ 'ಪರ್ವ'ವನ್ನು ತಮಿಳಿಗೆ ಕೊಟ್ಟರು, ಸಾಹಿತ್ಯ ಅಕಾಡೆಮಿಯ ಅನುವಾದ ಪ್ರಶಸ್ತಿಯನ್ನು ಪಡೆದರು. ನೇಮಿಚಂದ್ರರ 'ಯಾದ್ ವಶೇಮ್' ಅನ್ನು ತಮಿಳಿಗೆ ತಂದ ಕೆ. ನಲ್ಲತಂಬಿಯವರಿಗೆ 2022ರ ಪ್ರಶಸ್ತಿ ಸಂದಿತು, ಅವರೂ ಕರ್ನಾಟಕದಲ್ಲಿ ಬಾಳಿದ ತಮಿಳರೇ. ಅಂದರೆ ಇವರು ತಮಿಳಿನ ಹೊರನಾಡಿಗರು. ಕೇಂದ್ರ ಸರಕಾರದ ವರ್ಗಾವಣೆಯ ಆದೇಶ ನಮ್ಮಲ್ಲೂ ಸಾವಿರಾರು ಜನರನ್ನು ನಾಗಪುರಕ್ಕೆ, ಹೈದರಾಬಾದಿಗೆ, ಚೆನ್ನೈಗೆ ಕಳಿಸಿದೆ. ನಾನೂ ಅವರಲ್ಲೊಬ್ಬ. ನಾವು ಆ ಊರುಗಳ ಭಾಷೆಯಲ್ಲಿ ಮನೆ ಬಾಡಿಗೆ ಚೌಕಾಸಿ ಮಾಡಿದೆವು, ಮಕ್ಕಳನ್ನು ಶಾಲೆಗೆ ಸೇರಿಸಿದೆವು, ನಿವೃತ್ತಿಯ ವರ್ಷ ಎಣಿಸಿದೆವು. ಆ ಭಾಷೆಯಿಂದ ಕನ್ನಡಕ್ಕೆ ಏನನ್ನು ತಂದೆವು ಎಂದು ಕೇಳಿದರೆ ಉತ್ತರ ತೆಳ್ಳಗಿದೆ.

ಪುಣೆಯಲ್ಲೇ ನಮ್ಮ ಕಣ್ಣೆದುರಿನ ಉದಾಹರಣೆ ಉಮಾ ಕುಲಕರ್ಣಿಯವರದು. ಬೆಳಗಾವಿಯಲ್ಲಿ ಬೆಳೆದು ಪುಣೆಗೆ ಬಂದವರು, ಮರಾಠಿಯಲ್ಲಿ ಬರೆಯುವವರು. ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಪುಸ್ತಕವನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿಡುವುದು, ಅವರು ಅದನ್ನು ಕೇಳುತ್ತ ಮರಾಠಿಯಲ್ಲಿ ಬರೆಯುವುದು, ಈ ಕ್ರಮದಿಂದ ಭೈರಪ್ಪನವರ ಕಾದಂಬರಿಗಳು ಮರಾಠಿ ಮನೆಗಳನ್ನು ಸೇರಿದವು. 'ವಂಶವೃಕ್ಷ'ದ ಅನುವಾದಕ್ಕೆ ಅಕಾಡೆಮಿಯ ಪ್ರಶಸ್ತಿಯೂ ಬಂತು. 2025ರ ಸೆಪ್ಟೆಂಬರಿನಲ್ಲಿ ಭೈರಪ್ಪನವರು ತೀರಿಕೊಂಡಾಗ ಇಲ್ಲಿನ ನನ್ನ ಮರಾಠಿ ನೆರೆಯವರು ತಮ್ಮದೇ ಲೇಖಕರನ್ನು ಕಳೆದುಕೊಂಡವರಂತೆ ಮಾತನಾಡಿದರು. ಆ ಓದಿ ಕೇಳಿಸುವ ಪದ್ಧತಿಯ ವಿಷಯಕ್ಕೆ ನಾನು ಮುಂದೆ ಬರುತ್ತೇನೆ.

ಇಷ್ಟಾಗಿಯೂ ಪೇಟೆಯಲ್ಲಿ ಎಲ್ಲ ರಸ್ತೆಗಳೂ ಇಂಗ್ಲಿಷಿನ ಸುಂಕದಕಟ್ಟೆಯನ್ನು ದಾಟಿಯೇ ಹೋಗುತ್ತವೆ. 2025ರಲ್ಲಿ ಬಾನು ಮುಷ್ತಾಕರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್' ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದದ್ದು ನಮಗೆಲ್ಲ ಹೆಮ್ಮೆ ತಂದಿತು. ಐವತ್ತು ಸಾವಿರ ಪೌಂಡುಗಳನ್ನು ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿಯವರಿಗೂ ಸಮನಾಗಿ ಹಂಚಿದ ಆ ಪದ್ಧತಿ ನಮ್ಮ ಪ್ರಕಾಶಕರು ಕಣ್ಣಿಗೊತ್ತಿಕೊಳ್ಳಬೇಕಾದದ್ದು. ಆದರೆ ಆ ಕಥೆಗಳ ಉಸಿರು ಹಾಸನದ ಸೀಮೆಯ ಕನ್ನಡ ಮತ್ತು ದಖನಿ ಉರ್ದು ಒಂದರೊಳಗೊಂದು ಹೆಣೆದುಕೊಂಡ ಮಾತು. ಹೈದರಾಬಾದಿನ ಕನ್ನಡಿಗರಿಗೆ ದಖನಿ ದಿನನಿತ್ಯ ಕಿವಿಗೆ ಬೀಳುವ ಭಾಷೆ. ತೆಲುಗಿಗೋ ಮರಾಠಿಗೋ ಆ ಕಥೆಗಳನ್ನು ತರಬೇಕಾದಾಗ ಇಂಥವರನ್ನು ಬಿಟ್ಟು ಇಂಗ್ಲಿಷ್ ಪುಸ್ತಕವನ್ನು ಮುಂದಿಟ್ಟುಕೊಂಡು ಕೂಡುವುದು, ಬಾವಿ ಹಿತ್ತಿಲಲ್ಲಿರುವಾಗ ನೀರಿಗೆ ನಲ್ಲಿಯ ಮುಂದೆ ಸಾಲು ನಿಂತ ಹಾಗೆ.

ಈಗ ಕೂಲಿಯ ಮಾತು. ಸ್ವತಂತ್ರ ಅನುವಾದಕರಿಗೆ, ಅಂದರೆ ಸಂಬಳದ ನೌಕರಿಯಿಲ್ಲದೆ ಕೆಲಸಕ್ಕಿಷ್ಟು ಎಂದು ಪಡೆಯುವವರಿಗೆ, ಹಣ ಲೆಕ್ಕವಾಗುವುದು ಹೆಚ್ಚಾಗಿ ಪದದ ಎಣಿಕೆಯಲ್ಲಿ. ಈ ಎಣಿಕೆ ಕನ್ನಡದವನನ್ನು ಹೇಗೆ ಹಿಂಡುತ್ತದೆಂದು ಹೊರಗಿನವರಿಗೆ ತಿಳಿಯದು. 'ಬರಲಾಗದವರಿಗಾಗಿ' ಎಂಬುದು ನಮಗೆ ಒಂದು ಪದ, ಇಂಗ್ಲಿಷಿನಲ್ಲಿ ಅದೇ ಐದು. ಬರೆದುಕೊಟ್ಟ ಕನ್ನಡ ಪದಗಳನ್ನು ಎಣಿಸಿ ಹಣ ಕೊಟ್ಟರೆ, ಮೂಲದ ಅದೇ ಪುಟಕ್ಕೆ ಹಿಂದಿಯವನು ಪಡೆಯುವುದಕ್ಕಿಂತ ಕನ್ನಡದವನು ಬಹಳ ಕಡಿಮೆ ಪಡೆಯುತ್ತಾನೆ. ಆದ್ದರಿಂದ ನಮ್ಮ ತರುಣರಿಗೆ ನಾನು ಹೇಳುವುದು, ಎಣಿಕೆ ಮೂಲದ ಪದಗಳ ಮೇಲಿರಲಿ ಎಂದು ಮೊದಲೇ ಬರೆಯಿಸಿಕೊಳ್ಳಿ. ಸರಕಾರಿ ಕಚೇರಿಗಳಲ್ಲಿ ಹಿಂದಿ-ಇಂಗ್ಲಿಷಿಗೆ ನೇಮಕಗೊಂಡ ಅನುವಾದಕರಿದ್ದಾರೆ, 1971ರಲ್ಲಿ ಆರಂಭವಾದ ಕೇಂದ್ರೀಯ ಅನುವಾದ ಬ್ಯೂರೋ ಅವರಿಗೆ ತರಬೇತಿಯನ್ನೂ ಕೊಡುತ್ತಿದೆ. ಅಷ್ಟಮ ಅನುಸೂಚಿಯ ಉಳಿದ ಭಾಷೆಗಳ ಕೆಲಸ ಬಹುತೇಕ ಹೊರಗೆ, ಕಡಿಮೆ ದರ ನಮೂದಿಸಿದವರಿಗೆ. ಇಂಥ ದರಪತ್ರಗಳು ನನ್ನ ಮೇಜಿನ ಮೇಲೂ ಬಂದಿವೆ. 'ಎಲ್ಲ ಭಾರತೀಯ ಭಾಷೆಗಳು' ಎಂಬ ಒಂದು ಸಾಲು, ಎದುರಿಗೆ ಒಂದು ದರ. ಕೆಲಸ ಮಾಡುವ ಮನುಷ್ಯನ ಹೆಸರಾಗಲಿ ಅವನು ಬಲ್ಲ ವಿಷಯವಾಗಲಿ ಎಲ್ಲಿಯೂ ಇಲ್ಲ. ಸಿಮೆಂಟಿಗಾದರೂ ಶ್ರೇಣಿ ಕೇಳುತ್ತೇವೆ.

ಯಂತ್ರ ಬಂದಿದೆಯಲ್ಲ, ಇನ್ನು ಅನುವಾದಕರೇಕೆ ಎನ್ನುವವರೂ ಇದ್ದಾರೆ. ಯಂತ್ರ ಬಂದಿರುವುದು ನಿಜ, ಸಾಮಾನ್ಯ ಪತ್ರವ್ಯವಹಾರಕ್ಕೆ ಅದು ಉಪಯುಕ್ತವೂ ಹೌದು. 2022ರಲ್ಲಿ ಕೇಂದ್ರ ಸರಕಾರ 'ಭಾಷಿಣಿ'ಯನ್ನು ಆರಂಭಿಸಿದೆ, ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳು ಯಂತ್ರದ ನೆರವಿನಿಂದ ಕನ್ನಡಕ್ಕೂ ಬರುತ್ತಿವೆ. ಆದರೆ ಯಂತ್ರ ಕಲಿಯುವುದು ಮನುಷ್ಯರು ಮಾಡಿಟ್ಟ ಅನುವಾದದಿಂದ. ಇಂಗ್ಲಿಷ್-ಕನ್ನಡದ ಕಣಜಕ್ಕೆ ಹೋಲಿಸಿದರೆ ಕನ್ನಡ-ಮರಾಠಿ, ಕನ್ನಡ-ತೆಲುಗಿನದು ಒಂದು ಸೇರು. ಇಲ್ಲಿಯೂ ಆ ಸೇರನ್ನು ತುಂಬಬೇಕಾದವರು ನಾವೇ.

ಕಾನೂನಿನ ಎರಡು ಮಾತು ಹೇಳಿಬಿಡುತ್ತೇನೆ, ಏಕೆಂದರೆ ಇದು ನಮ್ಮವರಲ್ಲಿ ಬಹಳ ಜನಕ್ಕೆ ತಿಳಿದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಅನುವಾದಿಸುವ ಹಕ್ಕು ಮೂಲ ಲೇಖಕರದು, ಅವರ ಒಪ್ಪಿಗೆ ಬೇಕು. ಆ ಒಪ್ಪಿಗೆಯಿಂದ ಮಾಡಿದ ಅನುವಾದಕ್ಕೆ ಅನುವಾದಕನೇ ಕರ್ತೃ, ಅದರ ಸ್ವಾಮ್ಯ ಅವನದೇ. ಅದನ್ನು ಪ್ರಕಾಶಕರಿಗೆ ವಹಿಸಿಕೊಡುವುದು ಬರವಣಿಗೆಯಲ್ಲಿ, ಸಹಿಯೊಡನೆ ಆಗಬೇಕು. ಬಾಯಿಮಾತು ನಡೆಯದು. ಪತ್ರದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷವೆಂದೂ, ಪ್ರದೇಶ ಹೇಳದಿದ್ದರೆ ಭಾರತವೆಂದೂ ಕಾಯಿದೆಯ 19ನೆಯ ಕಲಮು ತಿಳಿಯುತ್ತದೆ. ಎಲ್ಲವನ್ನೂ ಬರೆದುಕೊಟ್ಟ ಮೇಲೂ ಇದು ನನ್ನ ಅನುವಾದ ಎಂದು ಹೇಳಿಕೊಳ್ಳುವ ಹಕ್ಕು ಅನುವಾದಕನ ಬಳಿಯೇ ಉಳಿಯುತ್ತದೆ. ಇನ್ನು ನನ್ನಂಥ ಕೇಂದ್ರ ಸರಕಾರದ ನೌಕರರಿಗೆ: ಕಚೇರಿಯ ಕೆಲಸಕ್ಕೆ ಅಡ್ಡಿಯಾಗದಂತೆ ಆಗೀಗ ಸಾಹಿತ್ಯದ ಕೆಲಸ ಮಾಡಲು 1964ರ ನಡತೆ ನಿಯಮಗಳಲ್ಲಿ ಅವಕಾಶವಿದೆ. ಸಂಭಾವನೆ ಪಡೆಯುವಾಗ ನಿಯಮ ನೋಡಿ, ಮೇಲಧಿಕಾರಿಗೆ ತಿಳಿಸಿದರಾಯಿತು. ನಿಯಮ ಬಿಡುವುದಿಲ್ಲ ಎಂಬ ನೆಪವನ್ನು ನಾನು ಒಪ್ಪಲಾರೆ.

ನಿಜವಾದ ಅಡ್ಡಿ ಬೇರೆಯಿದೆ, ಅದು ನಮ್ಮ ಮನೆಯೊಳಗಿನದು. ನಮ್ಮ ತಲೆಮಾರಿನವರಿಗೆ ಕನ್ನಡ ಓದಲು ಬರೆಯಲು ಬರುತ್ತದೆ, ಆದರೆ ಮರಾಠಿಯ ಒಂದು ಒಳ್ಳೆಯ ಪುಟ ಬರೆಯಲು ಕೈ ನಡುಗುತ್ತದೆ. ಇಲ್ಲಿಯೇ ಹುಟ್ಟಿದ ನಮ್ಮ ಮಕ್ಕಳು ಮರಾಠಿಯನ್ನು ನೀರು ಕುಡಿದಂತೆ ಬರೆಯುತ್ತಾರೆ, ಕನ್ನಡ ಮಾತನಾಡುತ್ತಾರೆ, ಅಜ್ಜಿ ಗದರಿದರೆ ಅರ್ಥವಾಗುತ್ತದೆ, ಅಕ್ಷರ ಮಾತ್ರ ಬಾರದು. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ, ಪುಣೆಯ ಬಹುಪಾಲು ಮನೆಗಳಿಗೆ ಆ ಭಾಗ್ಯವಿಲ್ಲ. ಎರಡು ಅರ್ಧಗಳು ಒಂದೇ ಮನೆಯ ಊಟದ ಮೇಜಿನ ಸುತ್ತ ಕುಳಿತಿವೆ. ಹೀಗಿರುವಾಗ ಕುಲಕರ್ಣಿ ದಂಪತಿಗಳ ಪದ್ಧತಿ ನಮಗೆ ದಾರಿಯಾಗಬಾರದೇಕೆ? ಅಜ್ಜ ಓದಲಿ, ಮೊಮ್ಮಗಳು ಕೇಳಿ ಮರಾಠಿಯಲ್ಲಿ ಬರೆಯಲಿ. ಒಂದು ಮಾತು ತಿಳಿಯದಿದ್ದರೆ ಅವಳು ಕೇಳುತ್ತಾಳೆ, ಅಜ್ಜ ಹೇಳುತ್ತಾರೆ, ಇಬ್ಬರೂ ಸ್ವಲ್ಪ ಜಗಳವಾಡುತ್ತಾರೆ. ಅಕ್ಷರ ಕಲಿಯುವುದು ಆಮೇಲೆ, ಬೇಕೆನಿಸಿದಾಗ. ಬಾಲಬೋಧೆಯ ವರ್ಗ ತೆರೆದು ಎರಡು ತಿಂಗಳಿಗೆ ಮುಚ್ಚುವ ನಮ್ಮ ಹಳೆಯ ಉತ್ಸಾಹಕ್ಕಿಂತ ಇದು ಹೆಚ್ಚು ನಿಲ್ಲುವ ಕೆಲಸವೆಂದು ನನ್ನ ಅಭಿಪ್ರಾಯ.

ಕಾರ್ಯಕಾರಿ ಸಮಿತಿಯೊಡನೆ ಮಾತನಾಡಿ ಕೆಲವು ಏರ್ಪಾಡುಗಳನ್ನು ಮಾಡಿದ್ದೇವೆ. ಮುಂದಿನ ಸಂಚಿಕೆಯಿಂದ ಪ್ರತಿ ಸಲ ಒಂದು ಮರಾಠಿ ಕಥೆಯನ್ನೋ ಲೇಖನವನ್ನೋ ನೇರವಾಗಿ ಕನ್ನಡಕ್ಕೆ ತಂದು ಅಚ್ಚು ಹಾಕುತ್ತೇವೆ. ಅನುವಾದಕರ ಹೆಸರು ಲೇಖಕರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿರುತ್ತದೆ. ಸಂಭಾವನೆ ನಮ್ಮ ಕೈಲಾಗುವಷ್ಟು ಸಣ್ಣದು, ಆದರೆ ಹಸ್ತಪ್ರತಿ ಒಪ್ಪಿದ ದಿನವೇ ಸಲ್ಲುತ್ತದೆ. ಇಬ್ಬರು ಕೂಡಿ ಮಾಡಿದ ಕೆಲಸಕ್ಕೆ ಇಬ್ಬರ ಹೆಸರೂ ಇರುತ್ತದೆ. ಜೊತೆಗೆ ಅನುವಾದಕರ ಪಟ್ಟಿಯೊಂದನ್ನು ತಯಾರಿಸುತ್ತಿದ್ದೇವೆ. ಹೆಸರು ಕೊಡುವವರು ದಯವಿಟ್ಟು ಅಲ್ಪವಿರಾಮದ ಉತ್ತರ ಕೊಡಬಾರದು. ಯಾವ ಭಾಷೆಯಿಂದ ಓದಿ ಯಾವ ಭಾಷೆಗೆ ಬರೆಯುತ್ತೀರಿ, ಜಮೀನು-ನ್ಯಾಯಾಲಯದ ಕಾಗದವೋ, ವೈದ್ಯಕೀಯವೋ, ಬ್ಯಾಂಕಿನದೋ, ಕಥೆ-ನಾಟಕವೋ, ನಿಮ್ಮ ಕನ್ನಡ ಯಾವ ಸೀಮೆಯದು ಎಂಬುದನ್ನು ಬಿಡಿಬಿಡಿಯಾಗಿ ತಿಳಿಸಬೇಕು. ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರು ನಮ್ಮ ಸದಸ್ಯರಲ್ಲಿದ್ದಾರೆ. ಉತಾರ, ಪಹಣಿ, ಫೇರಫಾರಗಳಂಥ ಶಬ್ದಗಳ ಎರಡು ಕಡೆಯ ಪಟ್ಟಿಯೊಂದನ್ನು ಅವರು ಬರೆದುಕೊಟ್ಟರೆ ಈ ಪತ್ರಿಕೆಯ ಎಷ್ಟು ಪುಟ ಬೇಕಾದರೂ ಅದಕ್ಕೆ ತೆರವಾಗಿಡುತ್ತೇನೆ. ಕೈಬರಹವಾದರೂ ಸರಿ.